ಗ್ಯಾಸ್ ತುಂಬಿಸುವ ಮೊದಲು ಕಾರಿನ ಮುಂಭಾಗ ನೋಡಿ

ಪ್ರಶ್ನೆ: ನನ್ನದು 2010ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮನೆ ಸಂಡೂರಿನಲ್ಲಿ, ಕೆಲಸದ ಮೇಲೆ ಆಗಾಗ ಬಳ್ಳಾರಿಗೆ ಓಡಾಟ. ಖಾಲಿ ರಸ್ತೆಯಲ್ಲಿ ಓಡುವಾಗ ಎಸಿ ಪರವಾಗಿಲ್ಲ. ತೋರಣಗಲ್ಲಿನ ಹತ್ತಿರ ಲಾರಿ ಸಾಲಿನಲ್ಲಿ ಸಿಕ್ಕಿಕೊಂಡರೆ ಐದೇ ನಿಮಿಷದಲ್ಲಿ ಬಿಸಿ ಗಾಳಿ. ಹೋದ ಬೇಸಿಗೆಯಲ್ಲಿ ಗ್ಯಾಸ್ ತುಂಬಿಸಿದೆ, ಈ ಬೇಸಿಗೆಯಲ್ಲಿ ಮತ್ತೆ ತುಂಬಿಸಿದೆ. ಈಗ ಮೆಕ್ಯಾನಿಕ್ ಕಂಪ್ರೆಸರ್ ಹೋಗಿದೆ, ಬದಲಾಯಿಸಬೇಕು ಅಂತಿದ್ದಾರೆ. ಎಫ್‌ಸಿ ಮಾಡಿಸಿ ಆರ್‌ಸಿ ಐದು ವರ್ಷಕ್ಕೆ ರಿನ್ಯೂ ಆಗಿದೆ. ಹಳೆ ಕಾರಿಗೆ ಇಷ್ಟು ಖರ್ಚು ಮಾಡಬೇಕಾ?

ಉತ್ತರ: ಕಂಪ್ರೆಸರ್‌ಗೆ ಈಗಲೇ ದುಡ್ಡು ಕೊಡಬೇಡಿ. ಅದು ಹೋಗಿರಲೂಬಹುದು, ಇಲ್ಲ ಅನ್ನುತ್ತಿಲ್ಲ. ಆದರೆ ನೀವು ಬರೆದಿರುವುದನ್ನು ಓದಿದರೆ ಅದಕ್ಕಿಂತ ಮೊದಲು ಅನುಮಾನ ಪಡಬೇಕಾದ ಜಾಗ ಬೇರೆ ಇದೆ. ಓಡುವಾಗ ತಂಪು, ನಿಂತಾಗ ಬಿಸಿ. ಈ ಒಂದು ಮಾತಿನಲ್ಲೇ ಅರ್ಧ ಉತ್ತರ ಇದೆ.

ಎಸಿ ತಂಪನ್ನು ಹುಟ್ಟಿಸುವುದಿಲ್ಲ. ಕಾರಿನೊಳಗಿನ ಶಾಖವನ್ನು ಹೊತ್ತುಕೊಂಡು ಹೋಗಿ ಹೊರಗೆ ಚೆಲ್ಲುತ್ತದೆ, ಅಷ್ಟೆ. ಒಳಗೆ ಶಾಖ ಹೀರುವುದು ಡ್ಯಾಶ್‌ಬೋರ್ಡ್ ಹಿಂದಿನ ಕೂಲಿಂಗ್ ಕಾಯಿಲ್. ಹೊರಗೆ ಚೆಲ್ಲುವುದು ರೇಡಿಯೇಟರ್ ಮುಂದೆ ನಿಂತಿರುವ ಕಂಡೆನ್ಸರ್. ನಡುವೆ ಶಾಖ ಹೊರುವುದು ಪೈಪುಗಳಲ್ಲಿ ಸುತ್ತುವ ಗ್ಯಾಸ್, ಅದನ್ನು ಒತ್ತಿ ತಳ್ಳುವುದು ಎಂಜಿನ್ ಬೆಲ್ಟಿನಿಂದ ತಿರುಗುವ ಕಂಪ್ರೆಸರ್. ಕಾರು ಅರವತ್ತರ ವೇಗದಲ್ಲಿ ಓಡುವಾಗ ಎದುರುಗಾಳಿಯೇ ಕಂಡೆನ್ಸರ್ ಒಳಗೆ ನುಗ್ಗಿ ಶಾಖವನ್ನು ಒಯ್ಯುತ್ತದೆ. ಕಾರು ನಿಂತ ಕೂಡಲೇ ಆ ಕೆಲಸ ಪೂರ್ತಿ ರೇಡಿಯೇಟರ್ ಫ್ಯಾನಿನ ತಲೆಗೆ ಬೀಳುತ್ತದೆ. ಫ್ಯಾನ್ ಸೋತಿದ್ದರೆ, ಇಲ್ಲವೇ ಕಂಡೆನ್ಸರ್‌ನ ರೆಕ್ಕೆಗಳ ನಡುವೆ ಮಣ್ಣು ಕೂತಿದ್ದರೆ, ಶಾಖ ಹೊರಗೆ ಹೋಗುವುದಿಲ್ಲ. ಒಳಗೆ ಬಿಸಿ ಗಾಳಿ ಬರುತ್ತದೆ.

ನೀವಿರುವುದು ಸಂಡೂರಿನಲ್ಲಿ. ಅದಿರಿನ ಕೆಂಪು ಧೂಳಿನಲ್ಲಿ ಹದಿನೈದು ವರ್ಷ ಓಡಾಡಿದ ಕಾರಿನ ಕಂಡೆನ್ಸರ್ ಹೇಗಿರುತ್ತದೆ ಅಂತ ನಿಮಗೇ ಗೊತ್ತಿರಬೇಕು. ನಾನಂತೂ ಮೊದಲು ಅದನ್ನೇ ನೋಡುತ್ತೇನೆ.

ಒಂದು ತೊಡಕು ಮಾತ್ರ ಇದೆ. ಸವೆದ ಕಂಪ್ರೆಸರ್ ಕೂಡ ಇದೇ ಲಕ್ಷಣ ತೋರಿಸುತ್ತದೆ. ಐಡ್ಲಿಂಗ್‌ನಲ್ಲಿ ಎಂಜಿನ್ ನಿಧಾನವಾಗಿ ತಿರುಗುತ್ತದೆ, ಕಂಪ್ರೆಸರ್ ಕೂಡ ನಿಧಾನ. ಒಳಗೆ ಸವೆದಿದ್ದರೆ ಆ ವೇಗದಲ್ಲಿ ಅದು ಒತ್ತಡ ಕಟ್ಟುವುದಿಲ್ಲ. ರಸ್ತೆಗಿಳಿದು ಎಂಜಿನ್ ವೇಗ ಏರಿದರೆ ಮತ್ತೆ ತಂಪು ಬರುತ್ತದೆ. ಹಾಗಾಗಿ ನಿಮ್ಮ ಮೆಕ್ಯಾನಿಕ್ ಸುಮ್ನೆ ಹೇಳಿರಲಿಕ್ಕಿಲ್ಲ. ಆದರೆ ಎರಡನ್ನೂ ಬೇರೆ ಮಾಡಿ ನೋಡದೆ ಹೇಳಿದ್ದರೆ ತಪ್ಪು. ಬೇರೆ ಮಾಡುವುದು ಕಷ್ಟವೇನಲ್ಲ, ಮನೆಯ ಅಂಗಳದಲ್ಲೇ ಆಗುತ್ತದೆ. ಒಂದು ಸಣ್ಣ ಡಿಜಿಟಲ್ ಥರ್ಮಾಮೀಟರ್ ಮತ್ತು ಒಂದು ಬಕೆಟ್ ನೀರು ಸಾಕು. ಜ್ವರ ನೋಡುವ ಥರ್ಮಾಮೀಟರ್ ನಡೆಯುವುದಿಲ್ಲ, ಫ್ರಿಜ್‌ಗೆ ಅಥವಾ ಅಕ್ವೇರಿಯಂಗೆ ಇಡುತ್ತಾರಲ್ಲ, ಅಂಥದ್ದು ಬೇಕು.

ಮಧ್ಯಾಹ್ನದ ಹೊತ್ತು ಕಾರನ್ನು ನೆರಳಿನಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್‌ಗೆ ಹಾಕಿ. ಎಸಿ ಪೂರ್ತಿ ತಂಪಿಗೆ, ಬ್ಲೋವರ್ ಜೋರಿಗೆ, ಒಳಗಿನ ಗಾಳಿಯೇ ಸುತ್ತುವ ಬಟನ್ ಆನ್. ಥರ್ಮಾಮೀಟರ್‌ನ ತುದಿಯನ್ನು ನಡುವಿನ ವೆಂಟ್ ಒಳಗೆ ತೂರಿಸಿ. ಬಾಗಿಲು, ಕಿಟಕಿ ಮುಚ್ಚಿ ಹತ್ತು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ನಿಂತ ತಾಪಮಾನ ಬರೆದುಕೊಳ್ಳಿ.

ಈಗ ಯಾರನ್ನಾದರೂ ಒಳಗೆ ಕೂರಿಸಿ ಆಕ್ಸಿಲರೇಟರ್ ಒತ್ತಿ ಎಂಜಿನ್ ವೇಗವನ್ನು ನಿಮಿಷಕ್ಕೆ 1500ರಿಂದ 2000 ಸುತ್ತಿನ ನಡುವೆ ಹಿಡಿಯಲು ಹೇಳಿ. ಕಾರು ನಿಂತಲ್ಲೇ ಇರಲಿ. ವೆಂಟ್‌ನ ಗಾಳಿ ಬೇಗನೆ ತಣ್ಣಗಾದರೆ ಅನುಮಾನ ಕಂಪ್ರೆಸರ್ ಮೇಲೆ, ಇಲ್ಲವೇ ಜಾರುವ ಬೆಲ್ಟ್ ಮೇಲೆ. ಏನೂ ಬದಲಾಗದಿದ್ದರೆ, ಅಥವಾ ಇನ್ನೂ ಬಿಸಿಯಾದರೆ, ಕಂಪ್ರೆಸರ್ ತಳ್ಳುತ್ತಿದೆ, ಕಂಡೆನ್ಸರ್ ಚೆಲ್ಲುತ್ತಿಲ್ಲ ಅಂತ.

ಅದನ್ನು ಖಚಿತ ಮಾಡಿಕೊಳ್ಳುವುದು ನೀರಿನಿಂದ. ಮತ್ತೆ ಐಡ್ಲಿಂಗ್‌ಗೆ ಬಿಟ್ಟು, ಮುಂದಿನ ಜಾಲರಿಯ ಮೂಲಕ ಕಂಡೆನ್ಸರ್ ಮೇಲೆ ಮಗ್ಗಿನಿಂದ ನಿಧಾನವಾಗಿ ನೀರು ಸುರಿಯಿರಿ. ಫ್ಯಾನಿನ ಮೋಟರ್ ಮತ್ತು ವೈರಿಂಗ್ ಕಡೆ ಬೇಡ, ಬರೀ ಕಂಡೆನ್ಸರ್ ಮೇಲೆ. ಕೈಯನ್ನು ಫ್ಯಾನಿನಿಂದ ದೂರ ಇಡಿ. ಒಂದೆರಡು ನಿಮಿಷದಲ್ಲಿ ವೆಂಟ್‌ನ ತಾಪಮಾನ ನಾಲ್ಕೈದು ಡಿಗ್ರಿ ಸರ್ರನೆ ಇಳಿದರೆ ರೋಗ ಸಿಕ್ಕಿತು. ಗಾಳಿ ಮಾಡಬೇಕಾದ ಕೆಲಸವನ್ನು ನೀರು ಮಾಡಿ ತೋರಿಸಿದೆ. ಕಂಪ್ರೆಸರ್, ಗ್ಯಾಸ್ ಎರಡೂ ಒಂದು ಮಟ್ಟಕ್ಕೆ ಸರಿ ಇವೆ ಅನ್ನುವುದಕ್ಕೂ ಇದೇ ಸಾಕ್ಷಿ.

ಹಾಗಾದರೆ ಮುಂದೇನು? ತೊಳೆಯಬೇಕು. ಆದರೆ ಸರ್ವಿಸ್ ಸ್ಟೇಷನ್‌ನಲ್ಲಿ ಮುಂದಿನಿಂದ ಪ್ರೆಶರ್ ಗನ್ ಹಿಡಿದು ಹೊಡೆಸುವುದಲ್ಲ. ಕಂಡೆನ್ಸರ್‌ನ ಅಲ್ಯೂಮಿನಿಯಂ ರೆಕ್ಕೆಗಳು ಕಾಗದದಷ್ಟು ತೆಳು. ಹತ್ತಿರದಿಂದ ಜೋರು ನೀರು ಬಿದ್ದರೆ ಮಡಚಿ ಗಾಳಿಯ ದಾರಿಯನ್ನೇ ಮುಚ್ಚುತ್ತವೆ. ಎಷ್ಟೋ ಕಾರುಗಳಲ್ಲಿ ತೊಳೆಸಿದ ಮೇಲೆಯೇ ಕೂಲಿಂಗ್ ಕಡಿಮೆಯಾಗಿರುತ್ತದೆ, ಕಾರಣ ಇದು.

ಇನ್ನೊಂದು ವಿಷಯ. ಮುಂದಿನಿಂದ ನೋಡಿದರೆ ಕಂಡೆನ್ಸರ್ ಸ್ವಚ್ಛವಾಗಿಯೇ ಕಾಣಬಹುದು. ಕೊಳೆ ಕೂರುವುದು ಅದರ ಬೆನ್ನಿಗೆ, ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ. ಬೆರಳು ತೂರುವಷ್ಟು ಸಂದಿ ಅದು. ಟಾರ್ಚ್ ಬಿಟ್ಟು ಮೇಲಿನಿಂದ ಇಣುಕಿ ನೋಡಿ. ಸತ್ತ ಹುಳ, ಹುಲ್ಲಿನ ಎಳೆ, ಅದರ ಮೇಲೆ ಮಳೆಗಾಲದಲ್ಲಿ ಅಂಟಿ ಬೇಸಿಗೆಯಲ್ಲಿ ಒಣಗಿದ ಕೆಂಪು ಮಣ್ಣು, ಎಲ್ಲ ಸೇರಿ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತದೆ. ರೇಡಿಯೇಟರ್‌ನ ಮೇಲಿನ ಬ್ರಾಕೆಟ್‌ಗಳ ಬೋಲ್ಟ್ ಸಡಿಲಿಸಿ ಸ್ವಲ್ಪ ಹಿಂದಕ್ಕೆ ಬಾಗಿಸಿದರೆ ಆ ಸಂದಿಗೆ ಪೈಪ್ ಇಳಿಸಬಹುದು. ಎಂಜಿನ್ ತಣ್ಣಗಿರುವಾಗ, ತೋಟದ ಪೈಪಿನ ಸಾಧಾರಣ ನೀರಿನಿಂದ, ಒಳಗಿನಿಂದ ಹೊರಕ್ಕೆ ತೊಳೆಯಿರಿ. ಅಂದರೆ ಕೊಳೆ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಗಟ್ಟಿ ಮಣ್ಣಿದ್ದರೆ ಪಾತ್ರೆ ತೊಳೆಯುವ ಸೋಪಿನ ನೀರು ಹಾಕಿ ಸ್ವಲ್ಪ ಹೊತ್ತು ನೆನೆಸಿ. ಮೆತ್ತನೆಯ ಬ್ರಷ್ಷನ್ನು ರೆಕ್ಕೆಗಳ ಉದ್ದಕ್ಕೇ ಆಡಿಸಿ, ಅಡ್ಡ ಉಜ್ಜಬೇಡಿ. ಕೆಳಗೆ ಇಳಿಯುವ ನೀರು ಕೆಂಪಗಿರುವವರೆಗೆ ನಿಲ್ಲಿಸಬೇಡಿ.

ಆಮೇಲೆ ಫ್ಯಾನ್. ಎಸಿ ಹಾಕಿದರೆ ಫ್ಯಾನ್ ತಿರುಗುತ್ತದೆಯಾ ಅಂತ ಎಲ್ಲರೂ ನೋಡುತ್ತಾರೆ. ತಿರುಗಿದರೆ ಸಾಲದು, ಎಳೆಯಬೇಕು. ಒಂದು ಹಾಳೆ ನ್ಯೂಸ್‌ಪೇಪರನ್ನು ಜಾಲರಿಯ ಮುಂದೆ ಹಿಡಿಯಿರಿ. ಹಾಳೆ ಹೋಗಿ ಅಂಟಿಕೊಂಡು ನಿಲ್ಲಬೇಕು. ಸುಮ್ಮನೆ ಅಲ್ಲಾಡಿ ಬಿದ್ದರೆ ಮೋಟರ್ ಸೋತಿದೆ, ಇಲ್ಲವೇ ಅದಕ್ಕೆ ಸರಿಯಾಗಿ ಕರೆಂಟ್ ಬರುತ್ತಿಲ್ಲ. ಕನೆಕ್ಟರ್ ಸುಟ್ಟು ಕಪ್ಪಾಗಿರುವುದು, ಅರ್ಥ್ ವೈರ್ ತುಕ್ಕು ಹಿಡಿದಿರುವುದು, ರಿಲೇ ಪಾಯಿಂಟ್ ಸವೆದಿರುವುದು ಈ ವಯಸ್ಸಿನ ಕಾರಿನಲ್ಲಿ ಮಾಮೂಲು. ಹಾಳೆ ಅಂಟುವ ಬದಲು ಮುಂದಕ್ಕೆ ಹಾರಿದರೆ ನಗಬೇಡಿ. ರಿಪೇರಿ ಮಾಡುವಾಗ ಎರಡು ವೈರ್ ಅದಲು ಬದಲಾಗಿ ಫ್ಯಾನ್ ಉಲ್ಟಾ ತಿರುಗುವುದು ನಿಜವಾಗಿಯೂ ನಡೆಯುತ್ತದೆ.

ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವಚ, ರೇಡಿಯೇಟರ್ ಅಂಚಿನ ಸ್ಪಂಜು ಪಟ್ಟಿಗಳು ಇವೆಯಾ ನೋಡಿ. ಹಿಂದೆ ಯಾವಾಗಲೋ ರೇಡಿಯೇಟರ್ ಬಿಚ್ಚಿದಾಗ ಅವು ಗ್ಯಾರೇಜಿನಲ್ಲೇ ಉಳಿದಿರಬಹುದು. ಅವು ಇಲ್ಲದಿದ್ದರೆ ಕಾರು ನಿಂತಾಗ ಎಂಜಿನ್ ಕಡೆಯ ಬಿಸಿ ಗಾಳಿ ಪಕ್ಕದಿಂದ ಸುತ್ತಿ ಬಂದು ಮತ್ತೆ ಕಂಡೆನ್ಸರ್ ಒಳಗೇ ನುಗ್ಗುತ್ತದೆ. ಜಾಲರಿಯ ಮುಂದೆ ಎಕ್ಸ್‌ಟ್ರಾ ಲೈಟು, ಗಾರ್ಡು ಏನಾದರೂ ಕಟ್ಟಿಸಿದ್ದರೆ ತೆಗೆಸಿ.

ಈಗ ಗ್ಯಾಸಿನ ವಿಚಾರ. ಎಸಿ ಗ್ಯಾಸ್ ಪೆಟ್ರೋಲ್ ಥರ ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಪೈಪುಗಳೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ರಬ್ಬರ್ ಹೋಸ್‌ಗಳಿಂದ, ಸೀಲ್‌ಗಳಿಂದ ವರ್ಷಕ್ಕೆ ಒಂದಿಷ್ಟು ಗ್ರಾಂ ಸೋರುವುದು ನಿಜ. ಹಾಗಾಗಿ ಐದಾರು ವರ್ಷಕ್ಕೊಮ್ಮೆ ಸ್ವಲ್ಪ ಕಡಿಮೆಯಾಗಿದ್ದರೆ ಅದು ಸಹಜ. ಒಂದು ಬೇಸಿಗೆಯಿಂದ ಇನ್ನೊಂದು ಬೇಸಿಗೆಗೆ ಖಾಲಿಯಾದರೆ ಅದು ಲೀಕ್. ಲೀಕ್ ಹುಡುಕದೆ ತುಂಬಿಸುವುದು ಅಂದರೆ ಮುಂದಿನ ವರ್ಷದ ಬಿಲ್ಲನ್ನೂ ಈಗಲೇ ಬರೆಸಿಕೊಂಡ ಹಾಗೆ.

ಆದರೆ ನಿಮ್ಮ ಕಾರಿನಲ್ಲಿ ಗ್ಯಾಸ್ ನಿಜವಾಗಿಯೂ ಕಡಿಮೆಯಾಗಿತ್ತಾ? ಇದನ್ನು ಕೇಳಲೇಬೇಕು. ಕಂಡೆನ್ಸರ್ ಕಟ್ಟಿಕೊಂಡ ಕಾರಿಗೆ ಗ್ಯಾಸ್ ಕಡಿಮೆ ಇದೆ ಅಂದುಕೊಂಡು ಇನ್ನಷ್ಟು ತುಂಬಿಸಿದರೆ ಕೂಲಿಂಗ್ ಮತ್ತೂ ಕೆಡುತ್ತದೆ. ಗ್ಯಾಸ್ ಜಾಸ್ತಿಯಾದರೂ ಇದೇ ಲಕ್ಷಣ: ಓಡುವಾಗ ಹೇಗೋ ನಡೆಯುತ್ತದೆ, ನಿಂತಾಗ ಒತ್ತಡ ಏರಿ ಬಿಸಿ ಗಾಳಿ. ಒತ್ತಡ ತೀರಾ ಏರಿದರೆ ಪ್ರೆಶರ್ ಸ್ವಿಚ್ ಕಂಪ್ರೆಸರ್ ಅನ್ನೇ ನಿಲ್ಲಿಸಿಬಿಡುತ್ತದೆ.

ಎಂಜಿನ್ ಆಫ್ ಇರುವಾಗ ಒತ್ತಡ ಅಳೆಯುವ ಗೇಜ್ ಹಾಕಿ ಗ್ಯಾಸ್ ಎಷ್ಟಿದೆ ಅಂತ ಹೇಳುವವರನ್ನು ನಂಬಬೇಡಿ. ನಿಮ್ಮ ಕಾರಿನಲ್ಲಿರುವುದು ಆರ್-134ಎ ಅನ್ನುವ ಗ್ಯಾಸ್. ಒಳಗೆ ದ್ರವ ರೂಪದಲ್ಲಿ ಸ್ವಲ್ಪ ಉಳಿದಿದ್ದರೂ ಸಾಕು, ಒತ್ತಡವನ್ನು ತೀರ್ಮಾನಿಸುವುದು ತಾಪಮಾನ ಮಾತ್ರ. 35 ಡಿಗ್ರಿಯಲ್ಲಿ ಗೇಜ್ ಸುಮಾರು 115 ಪಿಎಸ್‌ಐ (ಟೈರ್ ಗಾಳಿ ಅಳೆಯುವ ಅದೇ ಲೆಕ್ಕ) ತೋರಿಸುತ್ತದೆ. ಒಳಗೆ 200 ಗ್ರಾಂ ಇದ್ದರೂ ಅಷ್ಟೇ, 400 ಗ್ರಾಂ ಇದ್ದರೂ ಅಷ್ಟೇ. ಅಡುಗೆ ಗ್ಯಾಸ್ ಸಿಲಿಂಡರನ್ನು ಎತ್ತಿ ನೋಡುತ್ತೇವಲ್ಲ, ಇಲ್ಲೂ ತೂಕವೇ ಲೆಕ್ಕ.

ಎಂಜಿನ್ ಓಡುವಾಗಿನ ಗೇಜ್ ಮಾತ್ರ ತುಂಬಾ ಹೇಳುತ್ತದೆ. ಹೊರಗೆ 35 ಡಿಗ್ರಿ ಇದ್ದು ಎಂಜಿನ್ 1500ರಲ್ಲಿ ತಿರುಗುವಾಗ, ಕಡಿಮೆ ಒತ್ತಡದ ಕಡೆಯ ನೀಲಿ ಗೇಜ್ ಸುಮಾರು 30ರಿಂದ 45, ಹೆಚ್ಚು ಒತ್ತಡದ ಕಡೆಯ ಕೆಂಪು ಗೇಜ್ 200ರಿಂದ 250 ಪಿಎಸ್‌ಐ ಇದ್ದರೆ ಆರೋಗ್ಯ. ನಿಮ್ಮ ಕಡೆಯ ನಲವತ್ತು ದಾಟಿದ ಬಿಸಿಲಿಗೆ ಕೆಂಪು ಗೇಜ್ ಇನ್ನೂ ಮೇಲೆ ಹೋಗುತ್ತದೆ, ಗಾಬರಿ ಬೇಡ. ಎರಡೂ ಗೇಜ್ ಜಾಸ್ತಿ ಇದ್ದರೆ ಕಂಡೆನ್ಸರ್‌ಗೆ ಗಾಳಿ ಇಲ್ಲ, ಇಲ್ಲವೇ ಗ್ಯಾಸ್ ಜಾಸ್ತಿ, ಇಲ್ಲವೇ ಒಳಗೆ ಗಾಳಿ ಸೇರಿದೆ. ಎರಡೂ ಕಡಿಮೆ ಇದ್ದರೆ ಗ್ಯಾಸ್ ಕಡಿಮೆ. ನೀಲಿ ಜಾಸ್ತಿ, ಕೆಂಪು ಕಡಿಮೆ, ಎರಡೂ ಒಂದಕ್ಕೊಂದು ಹತ್ತಿರ ಬಂದಿವೆ ಅಂದರೆ ಆಗ ಕಂಪ್ರೆಸರ್ ಸವೆದಿದೆ ಅಂತ ಒಪ್ಪಬಹುದು. ನಿಮ್ಮ ಮೆಕ್ಯಾನಿಕ್ ಇದನ್ನು ತೋರಿಸಿದ್ದಾರಾ? ಇಲ್ಲದಿದ್ದರೆ ತೋರಿಸಿ ಅಂತ ಮರ್ಯಾದೆಯಿಂದಲೇ ಕೇಳಿ. ಕೆಲಸ ಗೊತ್ತಿರುವವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಲೀಕ್ ಹುಡುಕುವಾಗ ನಿಮ್ಮೂರಿನ ಧೂಳು ನಿಮಗೇ ಸಹಾಯ ಮಾಡುತ್ತದೆ. ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುತ್ತಿರುತ್ತದೆ. ಗ್ಯಾಸ್ ಸೋರುವ ಕಡೆ ಎಣ್ಣೆಯೂ ಸ್ವಲ್ಪ ಜಿನುಗುತ್ತದೆ. ಬೇರೆಲ್ಲ ಕಡೆ ಧೂಳು ಒಣಗಿ ತಿಳಿ ಕೆಂಪಾಗಿರುತ್ತದೆ, ಸೋರುವ ಜಾಯಿಂಟ್ ಸುತ್ತ ಮಾತ್ರ ಕಡುಗಂದಾಗಿ, ಬೆರಳಿಗೆ ಅಂಟುವ ಹಾಗೆ ಜಿಡ್ಡು. ಆದ್ದರಿಂದ ತೊಳೆಯುವ ಮುಂಚೆಯೇ ಬಾನೆಟ್ ಎತ್ತಿ ಒಮ್ಮೆ ಪೈಪುಗಳ ಉದ್ದಕ್ಕೂ ಟಾರ್ಚ್ ಬಿಟ್ಟು ನೋಡಿ. ಪೈಪ್ ಜಾಯಿಂಟ್‌ಗಳು, ಕಂಪ್ರೆಸರ್ ಕ್ಲಚ್‌ನ ಹಿಂಭಾಗ, ಕಲ್ಲು ತಾಗುವ ಕಂಡೆನ್ಸರ್‌ನ ಕೆಳ ಅಂಚು. ಗ್ಯಾಸ್ ತುಂಬಿಸುವ ಎರಡು ವಾಲ್ವ್‌ಗಳಿಗೆ ಪ್ಲಾಸ್ಟಿಕ್ ಮುಚ್ಚಳ ಇದೆಯಾ? ತುಂಬಿಸಿದವರು ಹಾಕದೆ ಬಿಟ್ಟಿದ್ದರೆ ಅಲ್ಲಿಂದಲೇ ನಿಧಾನವಾಗಿ ಹೋಗುತ್ತಿರಬಹುದು. ಜಾಯಿಂಟ್‌ನಲ್ಲಿ ಲೀಕ್ ಇದ್ದರೆ ಹೊಸ ಓ-ರಿಂಗ್‌ನಲ್ಲೇ ಮುಗಿಯಿತು. ಆರ್-134ಎಗೆ ಒಗ್ಗುವ ರಬ್ಬರಿನದ್ದೇ ಹಾಕಿಸಿ, ನಲ್ಲಿ ವಾಷರ್ ಥರದ್ದೆಲ್ಲ ಬೇಡ. ಹೊರಗೆ ಎಲ್ಲೂ ಜಿಡ್ಡಿಲ್ಲದಿದ್ದರೆ ಕೂಲಿಂಗ್ ಕಾಯಿಲ್ ಮೇಲೆ ಅನುಮಾನ. ಅದಕ್ಕೆ ವೆಂಟ್ ಒಳಗೆ ಎಲೆಕ್ಟ್ರಾನಿಕ್ ಲೀಕ್ ಡಿಟೆಕ್ಟರ್ ಹಿಡಿದು ನೋಡಬೇಕು, ಇಲ್ಲವೇ ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತದಾ ಅಂತ ಕಾಯಬೇಕು.

ಲೀಕ್ ಮುಚ್ಚುವ ದ್ರಾವಣ ಅಂತ ಡಬ್ಬಿ ಸಿಗುತ್ತದೆ, ದಯವಿಟ್ಟು ಹಾಕಿಸಬೇಡಿ. ಅದು ಲೀಕ್ ಜೊತೆ, ಕೂಲಿಂಗ್ ಕಾಯಿಲ್‌ಗೆ ಗ್ಯಾಸ್ ಬಿಡುವ ಎಕ್ಸ್‌ಪ್ಯಾನ್ಶನ್ ವಾಲ್ವ್‌ನ ಸಣ್ಣ ತೂತನ್ನೂ ಮುಚ್ಚಬಹುದು. ತೀರಾ ಅಗ್ಗದ ಗ್ಯಾಸ್ ಕ್ಯಾನ್ ಕೂಡ ಬೇಡ. ನಕಲಿ ಗ್ಯಾಸಿನಲ್ಲಿ ಮೀಥೈಲ್ ಕ್ಲೋರೈಡ್ ಬೆರೆಸಿದ ಪ್ರಕರಣಗಳು ಜಗತ್ತಿನ ಹಲವು ಕಡೆ ಸಿಕ್ಕಿವೆ. ಅದು ಅಲ್ಯೂಮಿನಿಯಂ ಜೊತೆ ಸೇರಿದರೆ ಅಪಾಯ, ನಿಮ್ಮ ಎಸಿಯ ಬಹುಪಾಲು ಭಾಗ ಅಲ್ಯೂಮಿನಿಯಂ.

ಗ್ಯಾಸ್ ತುಂಬಿಸುವುದೇ ಆದರೆ ಹಿಂದಿನದನ್ನು ಪೂರ್ತಿ ಮೆಷಿನ್‌ಗೆ ಎಳೆದುಕೊಳ್ಳಲಿ, ಗಾಳಿಗೆ ಬಿಡಬಾರದು. ಆಮೇಲೆ ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್, ಅಂದರೆ ಪಂಪಿನಿಂದ ಒಳಗನ್ನು ಪೂರ್ತಿ ಬರಿದು ಮಾಡುವುದು. ವ್ಯಾಕ್ಯೂಮ್ ಮಾಡುವುದು ಒಳಗಿನ ಗಾಳಿಯನ್ನು ತೆಗೆಯಲು ಮಾತ್ರವಲ್ಲ, ತೇವವನ್ನು ಕುದಿಸಿ ಹೊರಹಾಕಲು. ತೇವ ಉಳಿದರೆ ಎಕ್ಸ್‌ಪ್ಯಾನ್ಶನ್ ವಾಲ್ವ್‌ನಲ್ಲಿ ಐಸ್ ಕಟ್ಟಿ ಎಸಿ ಬಂದು ಹೋಗಿ ಮಾಡುತ್ತದೆ. ಪಂಪ್ ನಿಲ್ಲಿಸಿ ಹತ್ತಿಪ್ಪತ್ತು ನಿಮಿಷ ಮುಳ್ಳು ಕದಲದಿದ್ದರೆ ದೊಡ್ಡ ಲೀಕ್ ಇಲ್ಲ ಅಂತ. ಪುಸ್ತಕದಲ್ಲಿ ಬರೆದಿರುವ 29 ಇಂಚು (ಪಾದರಸದ ಲೆಕ್ಕ) ವ್ಯಾಕ್ಯೂಮ್ ಬರುತ್ತಿಲ್ಲ ಅಂತ ಬೆಂಗಳೂರಿನ ಕೆಲವರು ಪಂಪನ್ನು ಬೈಯುತ್ತಾರೆ. ಅದು ಸಮುದ್ರ ಮಟ್ಟದ ಲೆಕ್ಕ. ಬೆಂಗಳೂರಿನ 900 ಮೀಟರ್ ಎತ್ತರದಲ್ಲಿ 27ರ ಹತ್ತಿರ ನಿಂತರೆ ಪಂಪ್ ಸರಿಯಾಗಿಯೇ ಇದೆ. ಕೊನೆಗೆ ತೂಕದ ಯಂತ್ರದ ಮೇಲೆ ಸಿಲಿಂಡರ್ ಇಟ್ಟು, ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಬರೆದಷ್ಟೇ ಗ್ರಾಂ ತುಂಬಬೇಕು. ಸಣ್ಣ ಕಾರುಗಳಿಗೆ ಇದು ಸಾಮಾನ್ಯವಾಗಿ ಅರ್ಧ ಕೆಜಿಯೊಳಗೇ ಇರುತ್ತದೆ. ಅಷ್ಟು ಕಡಿಮೆ ಇರುವಾಗ ಐವತ್ತು ಗ್ರಾಂ ಆಚೀಚೆ ಆದರೂ ಗೊತ್ತಾಗುತ್ತದೆ. ಪೈಪ್ ಮುಟ್ಟಿ ನೋಡಿ ತಣ್ಣಗಾಯಿತು ಸಾಕು ಅನ್ನುವುದು ಈ ಕಾರುಗಳಿಗೆ ನಡೆಯುವುದಿಲ್ಲ.

1990ರ ದಶಕದ ಕಾರು ಇಟ್ಟುಕೊಂಡವರಿಗೆ ಒಂದು ಮಾತು: ಅವುಗಳಲ್ಲಿ ಹಲವಕ್ಕೆ ಆರ್-12 ಅನ್ನುವ ಹಳೆಯ ಗ್ಯಾಸ್ ಇತ್ತು, ಅದರ ಎಣ್ಣೆ ಬೇರೆ, ಓ-ರಿಂಗ್ ಬೇರೆ. ಅದಕ್ಕೆ ನೇರವಾಗಿ ಆರ್-134ಎ ತುಂಬಬಾರದು.

ನಿಮ್ಮ ವಿಷಯಕ್ಕೆ ಬರೋಣ. ಕಂಪ್ರೆಸರ್ ಹೋಗಿದೆ ಅನ್ನುವ ಮುಂಚೆ ಅದರ ಕ್ಲಚ್ ನೋಡಲೇಬೇಕು. ತಂಪು ಹೋದ ಗಳಿಗೆಯಲ್ಲೇ ಬಾನೆಟ್ ಎತ್ತಿ ಕಂಪ್ರೆಸರ್‌ನ ಮುಂಭಾಗ ನೋಡಿ. ಪುಲ್ಲಿ ಯಾವಾಗಲೂ ತಿರುಗುತ್ತದೆ. ಅದರ ಮುಂದಿನ ತಟ್ಟೆ ತಿರುಗುತ್ತಿದೆಯಾ? ತಟ್ಟೆ ಸುಮ್ಮನೆ ನಿಂತಿದ್ದು, ಕ್ಲಚ್ ವೈರಿನಲ್ಲಿ 12 ವೋಲ್ಟ್ ಬರುತ್ತಿದ್ದರೆ ತಪ್ಪು ಕ್ಲಚ್ಚಿನದ್ದು. ವರ್ಷಗಟ್ಟಲೆ ಸವೆದು ತಟ್ಟೆಗೂ ಪುಲ್ಲಿಗೂ ನಡುವಿನ ಸಂದಿ ದೊಡ್ಡದಾಗಿರುತ್ತದೆ. ಸಾಮಾನ್ಯವಾಗಿ ಅದು ಅರ್ಧ ಮಿಲಿಮೀಟರ್ ಆಸುಪಾಸಿನಲ್ಲಿರಬೇಕು. ಕ್ಲಚ್ಚಿನ ವಿದ್ಯುತ್ ಕಾಂತದ ಕಾಯಿಲ್ ತಣ್ಣಗಿರುವಾಗ ತಟ್ಟೆಯನ್ನು ಎಳೆದುಕೊಳ್ಳುತ್ತದೆ, ಬಿಸಿಯಾದ ಮೇಲೆ ಶಕ್ತಿ ಸಾಲದೆ ಬಿಟ್ಟುಬಿಡುತ್ತದೆ. ಒಳಗಿನ ತೆಳು ವಾಷರ್ ಒಂದನ್ನು ತೆಗೆದು ಸಂದಿ ಸರಿ ಮಾಡಬಹುದು, ಆಗದಿದ್ದರೆ ಕ್ಲಚ್ ಮಾತ್ರ ಬದಲಾಯಿಸಬಹುದು. ಹೆಚ್ಚಿನ ಕಾರುಗಳಲ್ಲಿ ಇದಕ್ಕೆ ಗ್ಯಾಸ್ ಬಿಚ್ಚುವ ಅಗತ್ಯವೂ ಇಲ್ಲ. ಎಷ್ಟೋ ಒಳ್ಳೆಯ ಕಂಪ್ರೆಸರ್‌ಗಳು ಈ ಕಾರಣಕ್ಕೇ ಗುಜರಿ ಸೇರುತ್ತವೆ, ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಉಳಿದ ಕಾರಣಗಳು ನಿಮ್ಮ ಲಕ್ಷಣಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಗಾಳಿ ತಣ್ಣಗಿದ್ದೂ ಜೋರಿಲ್ಲದಿದ್ದರೆ ಕ್ಯಾಬಿನ್ ಫಿಲ್ಟರ್ ಅಥವಾ ಕೂಲಿಂಗ್ ಕಾಯಿಲ್ ಕಟ್ಟಿದೆ. ಆ ಕಾಲದ ಕೆಲವು ಸಣ್ಣ ಕಾರುಗಳಿಗೆ ಫಿಲ್ಟರೇ ಇರಲಿಲ್ಲ, ಧೂಳೆಲ್ಲ ನೇರ ಕಾಯಿಲ್ ಮೇಲೆ. ಒಂದು ಗಂಟೆ ಓಡಿದ ಮೇಲೆ ಗಾಳಿ ಕಡಿಮೆಯಾಗುತ್ತಾ ಬಂದು, ಎಸಿ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಹಾಕಿದರೆ ಸರಿಹೋದರೆ ಕಾಯಿಲ್ ಮೇಲೆ ಐಸ್ ಕಟ್ಟುತ್ತಿದೆ. ತಾಪಮಾನದ ಗುಂಡಿಯ ಕೇಬಲ್ ಜಾರಿ ಹೀಟರ್ ಗಾಳಿ ಬೆರೆಯುತ್ತಿದ್ದರೆ ಓಡುವಾಗಲೂ ತಂಪು ಸಾಲುವುದಿಲ್ಲ.

ಖರ್ಚಿನ ಪ್ರಶ್ನೆಗೆ ನನ್ನ ಉತ್ತರ ಹೀಗೆ. ಜಿಡ್ಡಿನ ಗುರುತು ಹುಡುಕುವುದು, ಥರ್ಮಾಮೀಟರ್ ಪರೀಕ್ಷೆ, ತೊಳೆಯುವುದು, ಇವಕ್ಕೆ ಒಂದು ಭಾನುವಾರ ಸಾಕು, ದುಡ್ಡು ಹೆಚ್ಚುಕಡಿಮೆ ಸೊನ್ನೆ. ಫ್ಯಾನ್ ಮೋಟರ್ ಅಥವಾ ರಿಲೇ ಹೋಗಿದ್ದರೆ ಕಂಪ್ರೆಸರ್‌ನ ಬೆಲೆಯ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಇಷ್ಟಾದ ಮೇಲೂ ಗೇಜ್ ಕಂಪ್ರೆಸರ್ ಕಡೆಗೇ ಬೆರಳು ತೋರಿಸಿದರೆ ಬದಲಾಯಿಸಿ. ಇನ್ನೂ ಐದು ವರ್ಷ ಓಡಿಸುವ ಕಾರಿಗೆ ಅದು ದಂಡವಲ್ಲ. ಆದರೆ ಬದಲಾಯಿಸುವಾಗ ಅರ್ಧ ಕೆಲಸ ಮಾಡಿಸಬೇಡಿ. ಹಳೆ ಕಂಪ್ರೆಸರ್‌ನ ಎಣ್ಣೆಯನ್ನು ಬಿಳಿ ಕಾಗದದ ಮೇಲೆ ಸುರಿದು ನೋಡಿ. ಕಪ್ಪಗಿದ್ದು ಲೋಹದ ಮಿನುಗು ಕಂಡರೆ ಆ ಪುಡಿ ಕಂಡೆನ್ಸರ್ ಒಳಗೂ ಹೋಗಿದೆ. ಆಗ ಪೈಪುಗಳನ್ನು ಫ್ಲಶ್ ಮಾಡಲೇಬೇಕು, ಎಕ್ಸ್‌ಪ್ಯಾನ್ಶನ್ ವಾಲ್ವ್ ಹೊಸದಾಗಬೇಕು. ಸಣ್ಣ ದಾರಿಗಳಿರುವ ಕಂಡೆನ್ಸರ್ ಫ್ಲಶ್‌ನಿಂದ ಪೂರ್ತಿ ಸ್ವಚ್ಛವಾಗದು, ಅದನ್ನೂ ಬದಲಾಯಿಸುವುದೇ ಮೇಲು. ಎಣ್ಣೆ ಹೇಗಿದ್ದರೂ ತೇವ ಹೀರುವ ಡ್ರೈಯರ್ ಮಾತ್ರ ಹೊಸದೇ ಬೇಕು. ಎಣ್ಣೆಯ ದರ್ಜೆ, ಅಳತೆ ಎರಡೂ ಕಂಪ್ರೆಸರ್ ಮೇಲೆ ಬರೆದ ಹಾಗೇ ಇರಲಿ.

ಎಲ್ಲ ಸರಿಹೋದ ಮೇಲೂ ಮೇ ತಿಂಗಳ ಬಳ್ಳಾರಿಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರು ಹತ್ತಿದ ಕೂಡಲೇ ಚಳಿ ಹಿಡಿಸುವುದಿಲ್ಲ. ಹೊರಗೆ 42 ಡಿಗ್ರಿ ಇದ್ದು ಲಾರಿ ಸಾಲಿನಲ್ಲಿ ನಿಂತಾಗ ವೆಂಟ್‌ನಲ್ಲಿ 15ರ ಆಸುಪಾಸು ಬಂದರೆ ಈ ವಯಸ್ಸಿನ ಕಾರಿಗೆ ಅದು ಒಳ್ಳೆಯ ಕೆಲಸ. ಹೊರಡುವಾಗ ಕಿಟಕಿ ಇಳಿಸಿ ಒಂದೆರಡು ನಿಮಿಷ ಓಡಿಸಿ, ಕಾದ ಗಾಳಿ ಹೋಗಲಿ. ಆಮೇಲೆ ಕಿಟಕಿ ಮುಚ್ಚಿ ಒಳಗಾಳಿಯ ಬಟನ್ ಒತ್ತಿ.

ತೊಳೆದ ಮೇಲೂ ಸರಿಹೋಗದಿದ್ದರೆ ಮತ್ತೆ ಬರೆಯಿರಿ. ಆಗ ಮೂರು ವಿಷಯ ಬೇಕು: ಎಂಜಿನ್ ಐಡ್ಲಿಂಗ್‌ನಲ್ಲಿ ಮತ್ತು 1500ರಲ್ಲಿ ಎರಡೂ ಗೇಜಿನ ಫೋಟೊ, ಆ ಹೊತ್ತಿನ ಹೊರಗಿನ ತಾಪಮಾನ, ನೀರು ಸುರಿಯುವ ಮೊದಲು ಮತ್ತು ನಂತರದ ವೆಂಟ್ ತಾಪಮಾನ.